ಮೊದಲು ದಿನ ಗೊತ್ತು ಮಾಡಿ, ಆಮೇಲೆ ಗಿಲ್ಡ್‌ಗೆ ಹೆಸರಿಡಿ

ಗಿಲ್ಡ್ ಅಂದರೆ ಆನ್‌ಲೈನ್ ಆಟದಲ್ಲಿ ಒಟ್ಟಿಗೆ ಆಡಲು ಕಟ್ಟಿಕೊಳ್ಳುವ ಸಂಘ. ನಾನು ಕಟ್ಟಿದ ಮೊದಲ ಗಿಲ್ಡ್ ಆರು ವಾರ ಬದುಕಿತ್ತು. ಪಟ್ಟಿಯಲ್ಲಿ 112 ಹೆಸರು ಇದ್ದವು. ಮೊದಲ ರೇಡ್ (ದೊಡ್ಡ ಗುಂಪಾಗಿ ಬಲಿಷ್ಠ ಶತ್ರುಗಳ ಮೇಲೆ ಮಾಡುವ ದಾಳಿ) ಇಟ್ಟ ರಾತ್ರಿ ಬಂದವರು ಏಳು ಜನ. ಅವರಲ್ಲಿ ಒಬ್ಬನಿಗೆ ತಾನು ಯಾವ ಗಿಲ್ಡ್‌ನಲ್ಲಿದ್ದೇನೆ ಅಂತಲೇ ಗೊತ್ತಿರಲಿಲ್ಲ. ಎರಡನೆಯ ಗಿಲ್ಡ್ ಎಂಟು ತಿಂಗಳು ಚೆನ್ನಾಗಿಯೇ ನಡೆದು, ಒಂದು ಕೋಲಿನ ಜಗಳದಲ್ಲಿ ಒಡೆದುಹೋಯಿತು. ತಪ್ಪು ನನ್ನದೇ, ಅದನ್ನು ಮುಂದೆ ಹೇಳುತ್ತೇನೆ. ಮೂರನೆಯದು ಇನ್ನೂ ಇದೆ.

ನಾನು ಜಾಸ್ತಿ ಆಡಿರುವುದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್. ಆದ್ದರಿಂದ ಉದಾಹರಣೆಗಳೂ ಅಲ್ಲಿಂದಲೇ ಬರುತ್ತವೆ. ಬೇರೆ ಆಟದವರು ಸಂಖ್ಯೆಗಳನ್ನು ಬದಲಾಯಿಸಿಕೊಂಡರೆ ಸಾಕು, ಜನರ ಸ್ವಭಾವ ಎಲ್ಲ ಆಟದಲ್ಲೂ ಒಂದೇ. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಪಾತ್ರ ಪ್ರೀಸ್ಟ್, ಅಂದರೆ ಹೀಲರ್, ಜೊತೆಗಾರರ ಗಾಯ ವಾಸಿ ಮಾಡುವವನು. ಇಡೀ ರೇಡ್ ನನಗೆ ಯಾರಿಗೆ ಎಷ್ಟು ಜೀವ ಉಳಿದಿದೆ ಅಂತ ತೋರಿಸುವ 40 ಹಸಿರು ಪಟ್ಟಿಗಳ ಹಾಗೆ ಕಾಣುತ್ತದೆ. ಯಾರು ಬೆಂಕಿಯಲ್ಲಿ ಸುಮ್ನೆ ನಿಂತಿದ್ದಾರೆ, ಯಾರು ತಾವಾಗಿಯೇ ಪಕ್ಕಕ್ಕೆ ಸರಿದರು ಅಂತ ಮೊದಲು ಗೊತ್ತಾಗುವುದು ಹೀಲರ್‌ಗೆ. ನನ್ನ ಅಭಿಪ್ರಾಯಗಳಲ್ಲಿ ಆ ಪಕ್ಷಪಾತ ಇದ್ದೇ ಇರುತ್ತದೆ.

ದಿನ ಮತ್ತು ಗಂಟೆ

ಹೊಸಬರು ಗಿಲ್ಡ್ ಅಂದ ತಕ್ಷಣ ಹೆಸರು, ಲಾಂಛನ, ಅಂಗಿಯ ಬಣ್ಣ ಅಂತ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮೊದಲು ಬೇಕಾಗಿರುವುದು ಒಂದು ಚೀಟಿಯಲ್ಲಿ ಎರಡು ಸಾಲು: ವಾರದಲ್ಲಿ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ. ನಮ್ಮದು ಬುಧವಾರ ಮತ್ತು ಭಾನುವಾರ, ಸರ್ವರ್ ಸಮಯ ರಾತ್ರಿ 8 ರಿಂದ 11. ಶುರುವಾದ ದಿನದಿಂದ ಅದು ಬದಲಾಗಿಲ್ಲ. ಗಿಲ್ಡ್‌ಗೆ ಸೇರುವವರು ನಿಜವಾಗಿ ಒಪ್ಪಿಕೊಳ್ಳುವುದು ಆ ಆರು ಗಂಟೆಯನ್ನು. ಹೆಸರು, ಬಣ್ಣ ಎಲ್ಲ ಆಮೇಲೆ.

ಆ ಹೊತ್ತು ನಿಮಗೇ ಆಗಿಬರಬೇಕು. ಮೊದಲ ಎರಡು ತಿಂಗಳು ಒಂದು ರಾತ್ರಿಯೂ ತಪ್ಪಿಸದೆ ಕೂರುವುದು ನಿಮ್ಮಿಂದ ಆಗುತ್ತದಾ? ಆಗಲ್ಲ ಅಂದರೆ ಬೇಜಾರಿಲ್ಲ, ಬೇರೆ ಯಾರದ್ದಾದರೂ ಗಿಲ್ಡ್‌ಗೆ ಆಫೀಸರ್ (ಲೀಡರ್‌ಗೆ ನೆರವಾಗುವವರು) ಆಗಿ. ಒಳ್ಳೆಯ ಆಫೀಸರ್‌ಗಳಿಗೆ ಎಲ್ಲ ಕಡೆ ಬರ ಇದೆ. ಜವಾಬ್ದಾರಿಯ ರುಚಿಯೂ ಸಿಗುತ್ತದೆ, ಬಯ್ಗುಳ ಅರ್ಧ ಮಾತ್ರ.

ಸಮಯ ಬರೆಯುವಾಗ ಯಾವಾಗಲೂ ಸರ್ವರ್ ಸಮಯವನ್ನೇ ಬರೆಯಿರಿ. ಬೇರೆ ಬೇರೆ ದೇಶದವರು ಸೇರುವ ಸರ್ವರ್ ಆದರೆ ಇದು ಇನ್ನೂ ಮುಖ್ಯ. ವರ್ಷಕ್ಕೆ ಎರಡು ಸಲ ಕೆಲವು ದೇಶಗಳಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೋ ಮುಂದಕ್ಕೋ ತಿರುಗಿಸುತ್ತಾರೆ, ಕೆಲವು ದೇಶಗಳಲ್ಲಿ ಇಲ್ಲ. ಆ ವಾರ ನಮ್ಮ ಅರ್ಧ ರೇಡ್ ಒಂದು ಗಂಟೆ ತಡವಾಗಿ ಬಂದಿತ್ತು. ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ನಲ್ಲಿ ಸಮಯವನ್ನು ಓದುವವರ ಸ್ಥಳೀಯ ಗಂಟೆಗೆ ತಾನೇ ಬದಲಿಸಿ ತೋರಿಸುವ ಸೌಲಭ್ಯ ಇದೆ. ಅದನ್ನು ಬಳಸಿ.

ಇದರ ಜೊತೆಗೆ, ಗಿಲ್ಡ್ ಯಾವ ಕೆಲಸಕ್ಕೆ ಅಂತಲೂ ತೀರ್ಮಾನಿಸಿ. ರೇಡ್‌ಗಾ, ಆಟಗಾರರ ವಿರುದ್ಧದ ಕಾಳಗಕ್ಕಾ, ಸುಮ್ನೆ ಹರಟೆ ಹೊಡೆಯುತ್ತಾ ಲೆವೆಲ್ ಏರಿಸೋಕಾ? ಒಂದನ್ನು ಆರಿಸಿ. ಎಲ್ಲವನ್ನೂ ಮಾಡುತ್ತೇವೆ ಎಂದ ನನ್ನ ಮೊದಲ ಗಿಲ್ಡ್ ಏನನ್ನೂ ಮಾಡಲಿಲ್ಲ.

ಸಹಿಗಳು

ಕ್ಲಾಸಿಕ್‌ನಲ್ಲಿ ಗಿಲ್ಡ್ ಚಾರ್ಟರ್, ಅಂದರೆ ಗಿಲ್ಡ್ ಶುರು ಮಾಡಲು ಸಹಿ ಹಾಕಿಸುವ ಪತ್ರವನ್ನು, ದೊಡ್ಡ ನಗರಗಳಲ್ಲಿರುವ ಗಿಲ್ಡ್ ಮಾಸ್ಟರ್ ಹತ್ತಿರ 10 ಬೆಳ್ಳಿಗೆ ಕೊಳ್ಳಬೇಕು. ನಿಮ್ಮನ್ನು ಬಿಟ್ಟು ಇನ್ನೂ ಒಂಬತ್ತು ಜನ ಸಹಿ ಹಾಕಬೇಕು. ಅವರು ಆ ಹೊತ್ತಿಗೆ ಬೇರೆ ಗಿಲ್ಡ್‌ನಲ್ಲಿ ಇರಬಾರದು. ಫೈನಲ್ ಫ್ಯಾಂಟಸಿ 14ರಲ್ಲಿ ಗಿಲ್ಡ್‌ಗೆ ಫ್ರೀ ಕಂಪನಿ ಅಂತ ಹೆಸರು, ಅಲ್ಲಿ 15,000 ಗಿಲ್ ಮತ್ತು ಮೂವರ ಸಹಿ. ಗಿಲ್ಡ್ ವಾರ್ಸ್ 2ರಲ್ಲಿ ಒಂದು ಚಿನ್ನ ಕೊಟ್ಟರೆ ಮುಗಿಯಿತು, ಯಾರ ಸಹಿಯೂ ಬೇಡ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಗಿಲ್ಡ್ ಶುರು ಮಾಡುವುದು ಸುಲಭ. ಆದರೆ ಹತ್ತು ಜನ ಆದ ಮೇಲೇ ಗಿಲ್ಡ್ ಬ್ಯಾಂಕ್, ಐವತ್ತು ಆದ ಮೇಲೇ ಗಿಲ್ಡ್ ಅಂಗಡಿ.

ನಗರದ ಬಾಗಿಲಲ್ಲಿ ನಿಂತು "ಸಹಿ ಹಾಕಿದರೆ ಬೆಳ್ಳಿ ಕೊಡುತ್ತೇನೆ" ಅಂತ ಕೂಗುವವರನ್ನು ನೀವೂ ನೋಡಿರುತ್ತೀರಿ. ನಾನು ಕೂಗಿದವನೇ. ಅರ್ಧ ಗಂಟೆಯಲ್ಲಿ ಒಂಬತ್ತು ಸಹಿ ಬಂತು. ಚಾರ್ಟರ್ ಒಪ್ಪಿಸಿ ತಿರುಗಿ ನೋಡುವಷ್ಟರಲ್ಲಿ ಎಂಟು ಜನ ಗಿಲ್ಡ್ ಬಿಟ್ಟು ಹೋಗಿದ್ದರು. ಉಳಿದ ಒಬ್ಬ ಬಿಡುವುದನ್ನು ಮರೆತಿದ್ದ ಅನಿಸುತ್ತದೆ. ಹಣ ಕೊಟ್ಟು ತಂದ ಸಹಿಯಿಂದ ಗಿಲ್ಡ್ ಏನೋ ಹುಟ್ಟುತ್ತದೆ, ಮರುದಿನ ಅಲ್ಲಿ ಮಾತಾಡಲು ಮಾತ್ರ ಯಾರೂ ಇರುವುದಿಲ್ಲ. ಚಾಟ್ ಖಾಲಿ ಇರುವ ಗಿಲ್ಡ್‌ಗೆ ಸೇರಿದ ಹೊಸಬರು ಅದೇ ಸಂಜೆ ಹೊರಟುಹೋಗುತ್ತಾರೆ. ಮೂರನೆಯ ಸಲ ನಾನು ಜೊತೆಗೆ ಆಡುತ್ತಿದ್ದ ಒಂಬತ್ತು ಜನ ಸಿಗುವವರೆಗೂ ಚಾರ್ಟರ್ ಕೊಳ್ಳಲೇ ಇಲ್ಲ. ಐದು ವಾರ ಹಿಡಿಯಿತು.

ಹೆಸರಿನ ಬಗ್ಗೆ ಸ್ವಲ್ಪ. ವಾರ್‌ಕ್ರಾಫ್ಟ್‌ನಲ್ಲಿ ಹೆಸರಿಗೆ 24 ಅಕ್ಷರದ ಮಿತಿ. ಆದರೂ ಎರಡು ಪದ ದಾಟಬೇಡಿ. ಅದನ್ನು ವಾಯ್ಸ್ ಚಾಟ್‌ನಲ್ಲಿ ಜೋರಾಗಿ ಹೇಳಿ ನೋಡಿ, ಎದುರಿನವರು ಕೇಳಿದ ಹಾಗೇ ಟೈಪ್ ಮಾಡಬಲ್ಲರೆ ಹೆಸರು ಪಾಸ್. ತಮಾಷೆಯ ಹೆಸರು ಇಡಬೇಡಿ. ನನ್ನ ಎರಡನೆಯ ಗಿಲ್ಡ್ ಹೆಸರು ಒಂದು ಜೋಕ್ ಆಗಿತ್ತು. ಎಂಟು ತಿಂಗಳು ಅದರ ಅರ್ಥ ಬಿಡಿಸಿ ಹೇಳುತ್ತಾ ಕೂತೆ. ಗಿಲ್ಡ್ ಅಂಗಿಯ ವಿನ್ಯಾಸಕ್ಕೆ 10 ಚಿನ್ನ ಬೇಕು. ಹೊಸ ಸರ್ವರ್‌ನಲ್ಲಿ ಅದು ದೊಡ್ಡ ಮೊತ್ತ, ಅವಸರ ಏನೂ ಇಲ್ಲ.

ಮೊದಲ ಐದು ಜನ

ಚಿಕ್ಕ ಗುಹೆಗೆ ಐದು ಜನ ಸಾಕು: ಒಬ್ಬ ಟ್ಯಾಂಕ್, ಒಬ್ಬ ಹೀಲರ್, ಮೂವರು ಡಿಪಿಎಸ್. ಅಂದರೆ ಹೊಡೆತ ತಿನ್ನುವವರು, ಗಾಯ ವಾಸಿ ಮಾಡುವವರು, ಹೊಡೆಯುವವರು. ಈ ಐವರ ಗುಂಪೇ ನಿಮ್ಮ ಗಿಲ್ಡ್‌ನ ಬೀಜ. ಟ್ಯಾಂಕ್ ಮತ್ತು ಹೀಲರ್ ಗಿಲ್ಡ್ ಒಳಗೇ ಇದ್ದರೆ ಉಳಿದ ಮೂರು ಜಾಗಕ್ಕೆ ಪ್ರತಿ ರಾತ್ರಿ ಮೂವರು ಅಪರಿಚಿತರನ್ನು ಕರೆದುಕೊಂಡು ಹೋಗಬಹುದು. ಒಂದು ಗುಹೆಯಲ್ಲಿ ಒಂದು ಗಂಟೆ ಕಳೆದರೆ ಒಬ್ಬ ಮನುಷ್ಯನ ಬಗ್ಗೆ ಗೊತ್ತಾಗುವಷ್ಟು ಯಾವ ಸಂದರ್ಶನದಲ್ಲೂ ಗೊತ್ತಾಗುವುದಿಲ್ಲ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಹೆಸರು, ಕ್ಲಾಸ್ (ಪಾತ್ರದ ಬಗೆ), ಮತ್ತು ಒಂದೇ ಒಂದು ಸಾಲು: ಎಲ್ಲರೂ ಸತ್ತಾಗ ಇವರು ಏನು ಮಾಡಿದರು? ವೈಪ್ (ಹೀಗೆ ಎಲ್ಲರೂ ಸಾಯುವುದು) ಆದ ಮೊದಲ ಹತ್ತು ಸೆಕೆಂಡು ಸಾಕು. ಒಬ್ಬರು "ನಂದೇ ತಪ್ಪು, ಆ ಮೂಲೆಯವನನ್ನು ನಾನೇ ಎಳೆದೆ" ಅನ್ನುತ್ತಾರೆ. ಒಬ್ಬರು ಏನೂ ಮಾತಾಡದೆ ಸ್ಮಶಾನದಿಂದ ಓಡಿ ಬರುತ್ತಾರೆ. ಇನ್ನೊಬ್ಬರು "ಹೀಲರ್ ನಿದ್ದೆ ಮಾಡ್ತಿದ್ದಾನಾ?" ಅಂತ ಟೈಪ್ ಮಾಡುತ್ತಾರೆ. ಮೊದಲ ಇಬ್ಬರ ಹೆಸರು ನೋಟ್‌ಬುಕ್‌ಗೆ ಹೋಗುತ್ತದೆ. ಮೂರನೆಯವರು ಎಷ್ಟೇ ಜೋರಾಗಿ ಹೊಡೆಯುವವರಾದರೂ ಬೇಡ.

ಚಿಕ್ಕ ಗುರುತುಗಳೂ ಇವೆ. ಹೀಲರ್ ಮಾನಾ (ಮಂತ್ರಕ್ಕೆ ಬೇಕಾದ ಶಕ್ತಿ) ತುಂಬಿಕೊಳ್ಳಲು ಕೂತಾಗ ನಿಂತು ಕಾಯುವ ಟ್ಯಾಂಕ್ ಸಿಕ್ಕರೆ ಬಿಡಬೇಡಿ, ಬಂಗಾರದಂಥವರು. ತನ್ನ ಪ್ರಾಣಿಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಹಂಟರ್ ಕೂಡ ಹಾಗೇ. ತನಗೆ ಉಪಯೋಗ ಇಲ್ಲದ ವಸ್ತು ಬಿದ್ದಾಗ ಸುಮ್ಮನಿರುವವರು, ಬೇರೆಯವರಿಗೆ ಸಿಕ್ಕಾಗ ಅಭಿನಂದನೆ ಹೇಳುವವರು. ಇವೆಲ್ಲ ಕಲಿಸಿ ಬರುವಂಥದ್ದಲ್ಲ. ಬಟನ್ ಒತ್ತುವ ಕ್ರಮವನ್ನು ಒಂದು ವಾರದಲ್ಲಿ ಕಲಿಸಬಹುದು.

ಮೊದಲ ಸಲಕ್ಕೇ ಗಿಲ್ಡ್‌ಗೆ ಕರೆಯಬೇಡಿ. ನಾನು ಫ್ರೆಂಡ್ ಪಟ್ಟಿಗೆ ಸೇರಿಸಿಕೊಂಡು, ಎರಡು ದಿನ ಬಿಟ್ಟು ಇನ್ನೊಂದು ಗುಹೆಗೆ ಕರೆಯುತ್ತೇನೆ. ಎರಡನೆಯ ಸಲವೂ ಹಾಗೇ ಇದ್ದರೆ ಒಂದೇ ಪ್ರಶ್ನೆ: "ನಿಮಗೆ ಬುಧವಾರ, ಭಾನುವಾರ ರಾತ್ರಿ ಬಿಡುವಿರುತ್ತಾ?" "ಗಿಲ್ಡ್‌ಗೆ ಬರ್ತೀರಾ?" ಅಂದರೆ ಮುಲಾಜಿಗೆ ಹೂಂ ಅನ್ನುತ್ತಾರೆ. ದಿನ ಕೇಳಿದರೆ ನಿಜ ಹೇಳುತ್ತಾರೆ.

ಚಾಟ್‌ನಲ್ಲಿ ಕರೆಯುವುದು

ಹತ್ತು ಹದಿನೈದು ಜನ ಹೀಗೆ ಬರುತ್ತಾರೆ. 40 ಜನರ ರೇಡ್‌ಗೆ ಇದು ಸಾಲದು, ಆಗ ಜಾಹೀರಾತು ಬೇಕೇ ಬೇಕು. ವಾರ್‌ಕ್ರಾಫ್ಟ್ ಚಾಟ್‌ನ ಒಂದು ಸಂದೇಶಕ್ಕೆ 255 ಅಕ್ಷರ ಮಿತಿ. ಇದು ಒಳ್ಳೆಯದೇ, ಬಡಾಯಿಗೆ ಜಾಗ ಉಳಿಯುವುದಿಲ್ಲ.

ನನ್ನ ಮೊದಲ ಜಾಹೀರಾತು ಹೀಗಿತ್ತು: "ಹೊಸ ಸ್ನೇಹಮಯ ಗಿಲ್ಡ್! ಎಲ್ಲ ಲೆವೆಲ್, ಎಲ್ಲ ಕ್ಲಾಸ್‌ಗೂ ಸ್ವಾಗತ! ಮುಂದೆ ರೇಡ್ ಮಾಡುತ್ತೇವೆ!" ಅದೇ ಸಂಜೆ ಇದೇ ಮಾತನ್ನು ಇನ್ನೂ ಆರು ಗಿಲ್ಡ್‌ಗಳು ಕೂಗುತ್ತಿದ್ದವು. ಈಗ ಬರೆಯುವುದು ಹೀಗೆ (ಮೋಲ್ಟನ್ ಕೋರ್ ಒಂದು ರೇಡ್ ತಾಣ, ಬಾಸ್ ಅಂದರೆ ಅಲ್ಲಿನ ದೊಡ್ಡ ಶತ್ರು, ಲೂಟ್ ಅಂದರೆ ಅದನ್ನು ಕೊಂದಾಗ ಬೀಳುವ ವಸ್ತುಗಳು, ಅದನ್ನು ಹಂಚುವ ಸಾಫ್ಟ್ ರಿಸರ್ವ್ ಪದ್ಧತಿಯನ್ನು ಮುಂದೆ ಹೇಳುತ್ತೇನೆ, ವಿಸ್ಪರ್ ಅಂದರೆ ಖಾಸಗಿ ಸಂದೇಶ): "ಬುಧ, ಭಾನು, ಸರ್ವರ್ ಸಮಯ 8 ರಿಂದ 11. ಮೋಲ್ಟನ್ ಕೋರ್‌ನಲ್ಲಿ 10ಕ್ಕೆ 6 ಬಾಸ್ ಆಗಿದೆ. ಇಬ್ಬರು ಹೀಲರ್, ಒಬ್ಬ ವಾರಿಯರ್ ಟ್ಯಾಂಕ್ ಬೇಕು. ಲೂಟ್ ಸಾಫ್ಟ್ ರಿಸರ್ವ್. 11ಕ್ಕೆ ನಿಲ್ಲಿಸುತ್ತೇವೆ, ಒಂದು ನಿಮಿಷವೂ ಜಾಸ್ತಿ ಇಲ್ಲ. ಮಾತಾಡಬೇಕು ಅಂದರೆ ನನಗೆ ವಿಸ್ಪರ್ ಮಾಡಿ." ಆ "11ಕ್ಕೆ ನಿಲ್ಲಿಸುತ್ತೇವೆ" ಅನ್ನುವ ಮಾತಿಗೇ ಎಷ್ಟೋ ಜನ ಬಂದರು. ಬೆಳಗ್ಗೆ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು. ಇಂಥವರು ಬಂದರೆ ನಂಬಬಹುದು, ಏಕೆಂದರೆ ಅವರಿಗೆ ಗಂಟೆಯ ಬೆಲೆ ಗೊತ್ತು.

ಆರು ಬಾಸ್ ಆಗಿದ್ದರೆ ಆರು ಅಂತಲೇ ಬರೆಯಿರಿ. ಎಂಟು ಅಂತ ಬರೆದರೆ ಮೊದಲ ಬುಧವಾರವೇ ಗೊತ್ತಾಗಿಬಿಡುತ್ತದೆ. ಯಾವ ಪಾತ್ರ ಎಷ್ಟು ಬೇಕು ಅಂತ ಸಂಖ್ಯೆಯಲ್ಲಿ ಹೇಳಿ. ಡಿಪಿಎಸ್‌ಗಳು ಕರೆಯದೇ ಬರುತ್ತಾರೆ. ಹೀಲರ್, ಟ್ಯಾಂಕ್‌ಗಳನ್ನು ಮಾತ್ರ ಹುಡುಕಿಕೊಂಡು ಹೋಗಬೇಕು.

ಗುರುತಿಲ್ಲದವರಿಗೆ ಏನೂ ಹೇಳದೆ ಇನ್ವೈಟ್ ಕಳಿಸುವ ಚಾಳಿ ಬೇಡ. ಅದಕ್ಕೆಂದೇ ಆಡ್‌ಆನ್‌ಗಳಿವೆ (ಆಟಕ್ಕೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು), ಲೆವೆಲ್ ಹತ್ತರ ಎಲ್ಲರಿಗೂ ಒಂದೇ ಸಲ ಕಳಿಸುತ್ತವೆ. ನನ್ನ 112 ಹೆಸರು ಬಂದಿದ್ದು ಹಾಗೆಯೇ. ಅವರು ಗಿಲ್ಡ್‌ಗೆ ಬಂದಿರಲಿಲ್ಲ, ಕಣ್ಣೆದುರು ಬಂದ ಪೆಟ್ಟಿಗೆಯಲ್ಲಿ ಹೂಂ ಒತ್ತಿದ್ದರು ಅಷ್ಟೇ.

ವಿಸ್ಪರ್ ಮಾಡಿದವರ ಜೊತೆ ಹತ್ತು ನಿಮಿಷ ವಾಯ್ಸ್‌ನಲ್ಲಿ ಮಾತಾಡಿ. ಅರ್ಜಿ ಫಾರ್ಮ್, ಇಪ್ಪತ್ತು ಪ್ರಶ್ನೆ ಯಾವುದೂ ಬೇಡ, ಹೊಸ ಗಿಲ್ಡ್‌ಗೆ ಆ ಠೀವಿ ಒಪ್ಪುವುದಿಲ್ಲ. ನಾನು ಕೇಳುವುದು ಇಷ್ಟೇ: ದಿನ ಹೊಂದುತ್ತದಾ? ಹಿಂದಿನ ಗಿಲ್ಡ್ ಯಾಕೆ ಬಿಟ್ಟಿರಿ? ನಮ್ಮಲ್ಲಿ ಮೂರು ತಿಂಗಳು ಇದ್ದರೆ ಏನು ಸಿಗಬೇಕು ಅಂತ ಆಸೆ? ಎರಡನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. "ಸಮಯ ಹೊಂದಲಿಲ್ಲ", "ಗಿಲ್ಡ್ ಮುರಿಯಿತು" ಅಂದರೆ ಸರಿ. ಹಿಂದಿನ ಮೂರು ಗಿಲ್ಡ್‌ನಲ್ಲೂ ಎಲ್ಲರೂ ದಡ್ಡರೇ ಇದ್ದರು ಅಂದರೆ, ನಾಲ್ಕನೆಯದರಲ್ಲಿ ದಡ್ಡರು ನಾವೇ ಆಗುತ್ತೇವೆ. ವಯಸ್ಸು, ಊರು, ನಿಜ ಹೆಸರು ಕೇಳಬೇಡಿ. ಹೇಳಬೇಕು ಅನಿಸಿದವರು ತಾವೇ ಹೇಳುತ್ತಾರೆ.

ಗೆಳೆಯರ ಗುಂಪು ಒಟ್ಟಿಗೆ ಬಂದರೆ ಖುಷಿಯಾಗುತ್ತದೆ. ಆದರೆ ಬಂದ ಹಾಗೇ ಒಟ್ಟಿಗೆ ಹೋಗುತ್ತಾರೆ ಅನ್ನುವುದು ನೆನಪಿರಲಿ. ಒಮ್ಮೆ ನಮ್ಮ ಮೂವರು ಟ್ಯಾಂಕ್‌ಗಳೂ ಒಂದೇ ಗೆಳೆಯರ ಗುಂಪಿನವರಾಗಿದ್ದರು. ಅವರು ಬೇರೆ ಆಟಕ್ಕೆ ಹೋದ ವಾರ ನಾವು ರೇಡ್ ಬಾಗಿಲಲ್ಲಿ ನಿಂತು ಹಾಡು ಹೇಳಿಕೊಂಡು ವಾಪಸ್ ಬಂದೆವು.

ಟ್ರಯಲ್, ರ‍್ಯಾಂಕ್, ಬ್ಯಾಂಕ್

ಹೊಸಬರಿಗೆ ನಾಲ್ಕು ರೇಡ್ ಟ್ರಯಲ್. ಆ ನಾಲ್ಕು ರಾತ್ರಿ ಯಾರೂ ರಿಸರ್ವ್ ಮಾಡದೆ (ತಮಗೆ ಬೇಕು ಅಂತ ಮೊದಲೇ ಬರೆದಿಡದೆ) ಉಳಿದ ವಸ್ತುವಿಗೆ ಮಾತ್ರ ಅವರು ರೋಲ್ ಮಾಡಬಹುದು, ಅಂದರೆ ದಾಳ ಹಾಕಬಹುದು. ನಾನು ಟ್ರಯಲ್‌ನಲ್ಲಿ ನೋಡುವುದು ಯಾರು ಎಷ್ಟು ಹೊಡೆದರು ಅಂತ ತೋರಿಸುವ ಡ್ಯಾಮೇಜ್ ಮೀಟರ್ ಅಲ್ಲ. ಮೋಲ್ಟನ್ ಕೋರ್‌ನಲ್ಲಿ ಬ್ಯಾರನ್ ಗೆಡನ್ ಎಂಬ ಬಾಸ್ ಇದೆ. ಅದು ಯಾರಾದರೂ ಒಬ್ಬರನ್ನು ಆರಿಸಿ ಬಾಂಬ್ ಮಾಡುತ್ತದೆ. ಆ ವ್ಯಕ್ತಿ ಕೂಡಲೇ ಗುಂಪಿನಿಂದ ದೂರ ಓಡಬೇಕು. ಓಡದಿದ್ದರೆ ಸಿಡಿದಾಗ ಸುತ್ತಲಿನವರೆಲ್ಲ ಗಾಳಿಗೆ ಹಾರುತ್ತಾರೆ. ಒಬ್ಬ ಮೇಜ್ (ಮಂತ್ರವಾದಿ) ಮೀಟರ್‌ನಲ್ಲಿ ಯಾವಾಗಲೂ ಮೊದಲಿಗ. ಬಾಂಬ್ ಬಿದ್ದಾಗ ಕೈಯಲ್ಲಿದ್ದ ಮಂತ್ರ ಮುಗಿಸಿಯೇ ಓಡುತ್ತಿದ್ದ. ಮೂರು ಸಲ ಆರಾರು ಜನರನ್ನು ಮಲಗಿಸಿದ. ಇನ್ನೊಬ್ಬಳು ವಾರ್ಲಾಕ್, ಮೀಟರ್‌ನಲ್ಲಿ ಕೊನೆಗೆ. ಬಾಂಬ್ ಬಿದ್ದ ಕೂಡಲೇ ಗೋಡೆಯ ಕಡೆಗೆ ಓಡಿ, ಸಿಡಿದು ಕೆಳಗೆ ಬಿದ್ದು, ಎದ್ದು ಬಂದಳು. ಈಗ ಅವಳೇ ನಮ್ಮ ರೇಡ್ ಲೀಡರ್.

ರ‍್ಯಾಂಕ್‌ಗಳು ನಾಲ್ಕು ಸಾಕು: ಲೀಡರ್, ಆಫೀಸರ್, ಮೆಂಬರ್, ಟ್ರಯಲ್. ವಾರ್‌ಕ್ರಾಫ್ಟ್ ಹತ್ತರವರೆಗೂ ಬಿಡುತ್ತದೆ. ಬಿಡುತ್ತದೆ ಅಂತ ಸೇನಾಪತಿ, ಉಪಸೇನಾಪತಿ ಅಂತ ಹಂಚುತ್ತಾ ಕೂತರೆ ಬಿರುದಿಗೇ ಜಗಳ ಶುರುವಾಗುತ್ತದೆ. ಒಂದು ತಿಂಗಳಿಗಿಂತ ಜಾಸ್ತಿ ದೂರ ಇದ್ದು ಬಂದವರು ಮತ್ತೆ ಟ್ರಯಲ್‌ನಿಂದ ಶುರು ಮಾಡಬೇಕು ಅಂತ ನಮ್ಮಲ್ಲಿ ನಿಯಮ. ಅದನ್ನು ಬರೆದವನು ನಾನೇ.

ಶುರುವಿನಲ್ಲಿ ಇಬ್ಬರು ಆಫೀಸರ್ ಇರಲಿ. ಒಬ್ಬರು ನಿಮ್ಮ ಹಾಗೇ ಯೋಚಿಸುವವರು, ಇನ್ನೊಬ್ಬರು ನಿಮ್ಮ ಮುಖಕ್ಕೇ "ಇದು ಸರಿಯಿಲ್ಲ" ಅನ್ನುವವರು. ಎರಡನೆಯವರು ಸಿಗುವುದು ಕಷ್ಟ, ಸಿಕ್ಕರೆ ಇಟ್ಟುಕೊಳ್ಳುವುದು ಇನ್ನೂ ಕಷ್ಟ.

ಅಧಿಕಾರವನ್ನು ಎಷ್ಟು ಬೇಕೋ ಅಷ್ಟೇ ಕೊಡಿ. ಈವ್ ಆನ್‌ಲೈನ್ ಆಟದವರಿಗೆ ಇದನ್ನು ಹೇಳಬೇಕಾಗಿಲ್ಲ. 2009ರಲ್ಲಿ ಅಲ್ಲಿ ಬ್ಯಾಂಡ್ ಆಫ್ ಬ್ರದರ್ಸ್ ಎಂಬ ಬಲಾಢ್ಯ ಮೈತ್ರಿಕೂಟ ಇತ್ತು. ಅದರ ನಿರ್ದೇಶಕನೊಬ್ಬ ವೈರಿಗಳಾದ ಗೂನ್‌ಸ್ವಾರ್ಮ್ ಕಡೆಗೆ ಸೇರಿಕೊಂಡ. ಹೋಗುವ ಮುಂಚೆ ತನಗಿದ್ದ ಅಧಿಕಾರ ಬಳಸಿ ಇಡೀ ಕೂಟವನ್ನೇ ವಿಸರ್ಜಿಸಿಬಿಟ್ಟ. ಯುದ್ಧದಲ್ಲಿ ಸೋಲಿಸಲು ಆಗದಿದ್ದವರನ್ನು ಒಂದು ಬಟನ್ ಮುಗಿಸಿತು. ಹೆಸರೂ ಹೋಯಿತು, ಅದನ್ನು ಎದುರಾಳಿಗಳೇ ತೆಗೆದುಕೊಂಡರು.

ನಮ್ಮ ಕಥೆ ಇಷ್ಟು ದೊಡ್ಡದಲ್ಲ. ವಾರ್‌ಕ್ರಾಫ್ಟ್‌ಗೆ ಗಿಲ್ಡ್ ಬ್ಯಾಂಕ್ ಬಂದಿದ್ದೇ 2007ರಲ್ಲಿ. ಮೂಲ ಕ್ಲಾಸಿಕ್‌ನಲ್ಲಿ ಅದು ಇಲ್ಲದ ಕಾರಣ ಒಂದು ಬೇರೆ ಪಾತ್ರ ಮಾಡಿ ಅದರ ಚೀಲದಲ್ಲಿ ಸಾಮಾನು ಇಡಬೇಕು. ನಮ್ಮ ಮೊದಲ ಚೀಲ ಇದ್ದಿದ್ದು ಒಬ್ಬ ಸದಸ್ಯನ ಹತ್ತಿರ. ಒಂದು ದಿನ ಅವನು ಆಟಕ್ಕೆ ಬರುವುದನ್ನೇ ನಿಲ್ಲಿಸಿದ. ಕಳ್ಳತನ ಅಂತ ಹೇಳಲಾರೆ, ಅವನಿಗೆ ಆಟ ಬೇಸರವಾಗಿರಬೇಕು. ಆದರೆ ನಲವತ್ತು ಜನ ಆರು ವಾರ ಕೂಡಿಸಿದ ಔಷಧಿ ಬಾಟಲಿಗಳು ಅವನ ಜೊತೆಗೇ ಹೋದವು. ಈಗ ಚೀಲ ಇಬ್ಬರು ಆಫೀಸರ್‌ಗಳ ಹತ್ತಿರ ಅರ್ಧರ್ಧ. ಏನು ಬಂತು, ಏನು ಹೋಯಿತು ಅಂತ ಎಲ್ಲರೂ ನೋಡುವ ಒಂದು ಶೀಟ್ ಇದೆ. ಗಿಲ್ಡ್ ಬ್ಯಾಂಕ್ ಇರುವ ಆಟವಾದರೆ ದಿನಕ್ಕೆ ಇಷ್ಟೇ ತೆಗೆಯಬಹುದು ಅಂತ ಪ್ರತಿ ರ‍್ಯಾಂಕ್‌ಗೂ ಮಿತಿ ಹಾಕಿ.

ಲೂಟ್

ಗಿಲ್ಡ್‌ಗಳು ಒಡೆಯುವುದು ಇಲ್ಲಿ. ನಲವತ್ತು ಜನ ಸೇರಿ ಒಂದು ಬಾಸ್ ಕೊಂದರೆ ಬೀಳುವುದು ಬೆರಳೆಣಿಕೆಯ ವಸ್ತುಗಳು. ಉಳಿದವರೆಲ್ಲ ಬರಿಗೈಲಿ ಹೋಗಬೇಕು, ಹೋಗಿ ಮುಂದಿನ ವಾರ ಮತ್ತೆ ಬರಬೇಕು. ಹಂಚಿಕೆ ನ್ಯಾಯವಾಗಿದೆ ಅಂತ ಅನಿಸಿದರೆ ಮಾತ್ರ ಬರುತ್ತಾರೆ.

ಈ ತಲೆನೋವು ಹಳೆಯದು. 1999ರಲ್ಲಿ ಎವರ್‌ಕ್ವೆಸ್ಟ್ ಆಟದ ಆಫ್ಟರ್‌ಲೈಫ್ ಎಂಬ ಗಿಲ್ಡ್ ಇದಕ್ಕೆ ಅಂಕಗಳ ಲೆಕ್ಕ ಶುರು ಮಾಡಿತು. ಆಗಿನ ದೊಡ್ಡ ಬೇಟೆ ನ್ಯಾಗಫೆನ್ ಮತ್ತು ವಾಕ್ಸ್ ಎಂಬ ಎರಡು ಡ್ರ್ಯಾಗನ್‌ಗಳು. ಹಾಗಾಗಿ ಲೆಕ್ಕಕ್ಕೆ ಡ್ರ್ಯಾಗನ್ ಕಿಲ್ ಪಾಯಿಂಟ್ಸ್ ಎಂದು ಹೆಸರು ಬಿತ್ತು, ಚಿಕ್ಕದಾಗಿ ಡಿಕೆಪಿ. ರೇಡ್‌ಗೆ ಬಂದರೆ ಅಂಕ, ವಸ್ತು ಬೇಕಾದರೆ ಅಂಕ ಖರ್ಚು. ಕೇಳಲು ಚೆನ್ನಾಗಿದೆ. ತೊಂದರೆ ಏನೆಂದರೆ ಹಳಬರು ಅಂಕ ಕೂಡಿಟ್ಟುಕೊಂಡು ಕೂತುಬಿಡುತ್ತಾರೆ, ಹೊಸಬರಿಗೆ ತಿಂಗಳುಗಟ್ಟಲೆ ಏನೂ ಸಿಗುವುದಿಲ್ಲ. ಈಗಷ್ಟೇ ಜನ ಸೇರಿಸುತ್ತಿರುವ ಗಿಲ್ಡ್‌ಗೆ ಇದು ಉರುಳು. ಇಪಿಜಿಪಿ ಎಂಬ ಇನ್ನೊಂದು ಪದ್ಧತಿಯಲ್ಲಿ ಕೂಡಿಟ್ಟ ಅಂಕ ವಾರವಾರ ಕರಗುತ್ತದೆ, ಸ್ವಲ್ಪ ವಾಸಿ. ಲೂಟ್ ಕೌನ್ಸಿಲ್ ಅಂದರೆ ಆಫೀಸರ್‌ಗಳೇ ಕೂತು ಯಾರಿಗೆ ಅಂತ ತೀರ್ಮಾನಿಸುವುದು. ರೇಡ್ ಬೇಗ ಬಲವಾಗುತ್ತದೆ, ನಿಜ. ಆದರೆ ನಿಮ್ಮನ್ನು ಜನ ಇನ್ನೂ ನಂಬಿಲ್ಲದಿರುವಾಗ ಇದನ್ನು ಇಟ್ಟರೆ ಪ್ರತಿ ತೀರ್ಮಾನದ ಹಿಂದೆಯೂ ಪಿಸುಮಾತು ಹುಟ್ಟುತ್ತದೆ.

ಹೊಸ ಗಿಲ್ಡ್‌ಗೆ ನನ್ನ ಸಲಹೆ ಸಾಫ್ಟ್ ರಿಸರ್ವ್. ರೇಡ್ ಶುರುವಾಗುವ ಮುಂಚೆ ಪ್ರತಿಯೊಬ್ಬರೂ ತಮಗೆ ಬೇಕಾದ ಒಂದೋ ಎರಡೋ ವಸ್ತುವಿನ ಹೆಸರು ಬರೆಯುತ್ತಾರೆ. ಅದು ಬಿದ್ದರೆ ಬರೆದವರು ಮಾತ್ರ ರೋಲ್ ಮಾಡುತ್ತಾರೆ, ದೊಡ್ಡ ಸಂಖ್ಯೆ ಬಂದವರಿಗೆ ವಸ್ತು. ಮೊದಲ ಬಾಸ್‌ಗೆ ಕೈ ಹಚ್ಚುವ ಮುಂಚೆ ಪಟ್ಟಿಗೆ ಬೀಗ. ನಿನ್ನೆ ಟ್ರಯಲ್ ಮುಗಿಸಿದವರಿಗೂ ಹಳಬರಷ್ಟೇ ಅವಕಾಶ. ಅದೃಷ್ಟ ಕೈಕೊಟ್ಟರೆ ಬೈಯುವುದು ದಾಳವನ್ನು, ನಿಮ್ಮನ್ನಲ್ಲ.

ಈಗ ಆ ಕೋಲಿನ ಕಥೆ. ಎರಡನೆಯ ಗಿಲ್ಡ್‌ನಲ್ಲಿ ಲೂಟ್ ಕೌನ್ಸಿಲ್ ಇತ್ತು. ಕೌನ್ಸಿಲ್ ಅಂದರೆ ನಾನು ಮತ್ತು ನನ್ನ ಇಬ್ಬರು ಗೆಳೆಯರು. ತಿಂಗಳುಗಟ್ಟಲೆ ಕಾದಿದ್ದ ಹೀಲರ್ ಕೋಲು ಕೊನೆಗೂ ಬಿತ್ತು. ನಮ್ಮಲ್ಲಿ ಒಬ್ಬ ಡ್ರೂಯಿಡ್ (ಅದೂ ಹೀಲರ್ ಪಾತ್ರವೇ) ಒಂದು ರೇಡ್ ಕೂಡ ತಪ್ಪಿಸಿರಲಿಲ್ಲ. ಕೋಲು ನಾನು ತೆಗೆದುಕೊಂಡೆ. ನನ್ನ ಹತ್ತಿರ ಕಾರಣಗಳಿದ್ದವು: ನಾನೇ ಮುಖ್ಯ ಹೀಲರ್, ರೇಡ್‌ಗೆ ಲಾಭ ಜಾಸ್ತಿ, ಇತ್ಯಾದಿ. ಯಾರೂ ಏನೂ ಅನ್ನಲಿಲ್ಲ. ಆ ಮೌನವೇ ನನಗೆ ಅರ್ಥ ಆಗಬೇಕಿತ್ತು. ಮುಂದಿನ ವಾರ ಡ್ರೂಯಿಡ್ ಬರಲಿಲ್ಲ. ಅದರ ಮುಂದಿನ ವಾರ ಐವರು ಬರಲಿಲ್ಲ. ತಿಂಗಳೊಳಗೆ ಕೋಲು ಹಿಡಿದುಕೊಂಡು ನಾನೊಬ್ಬನೇ ಉಳಿದೆ. ಈಗ ಮೊದಲ ಎರಡು ತಿಂಗಳು ಲೀಡರ್‌ಗೂ ಆಫೀಸರ್‌ಗಳಿಗೂ ರಿಸರ್ವ್ ಇಲ್ಲ. ಬೇರೆ ಯಾರಿಗೂ ಬೇಡವಾದದ್ದು ಮಾತ್ರ ನಮಗೆ.

ರೇಡ್ ರಾತ್ರಿ

8 ಅಂದರೆ 8. ನಲವತ್ತರಲ್ಲಿ 34 ಜನ ಇದ್ದರೂ ಶುರು ಮಾಡಿ. ಬರದ ಆರು ಜನಕ್ಕಾಗಿ ಬಂದ 34 ಜನರನ್ನು ಕಾಯಿಸಿದರೆ, ಮುಂದಿನ ವಾರ ಅವರೂ ಎಂಟೂಕಾಲಿಗೆ ಬರುವುದನ್ನು ಕಲಿಯುತ್ತಾರೆ. ಮಧ್ಯದಲ್ಲಿ ಹತ್ತು ನಿಮಿಷ ಬಿಡುವು. ಒಂದು ಬಾಸ್ 5 ಪರ್ಸೆಂಟ್‌ಗೆ ಬಂದು ವೈಪ್ ಆದರೂ, ಗಂಟೆ 11 ಆಗಿದ್ದರೆ ನಿಲ್ಲಿಸಿ. ಅದು ಹೊಟ್ಟೆ ಉರಿಸುತ್ತದೆ, ನನಗೂ ಗೊತ್ತು.

ಡಿಸ್ಕಾರ್ಡ್‌ನಲ್ಲಿ ನಾಲ್ಕು ಚಾನೆಲ್ ಸಾಕು: ಸೂಚನೆ, ಹರಟೆ, ರೇಡ್‌ಗೆ ಹೆಸರು ಕೊಡುವುದು, ಒಂದು ವಾಯ್ಸ್. ಹೊಸಬರು ಬಂದು ಇಪ್ಪತ್ತು ಖಾಲಿ ಚಾನೆಲ್ ನೋಡಿದರೆ ಪಾಳುಬಿದ್ದ ಮನೆಯ ಹಾಗೆ ಕಾಣುತ್ತದೆ. ಬರುವವರ ಹೆಸರನ್ನು ಹಿಂದಿನ ರಾತ್ರಿಯೇ ತೆಗೆದುಕೊಳ್ಳಿ. ಅದಕ್ಕೆ ಬಾಟ್‌ಗಳಿವೆ.

ಜನ ಯಾವಾಗಲೂ ಸೋರುತ್ತಿರುತ್ತಾರೆ. ಪರೀಕ್ಷೆ, ಹೊಸ ಕೆಲಸ, ಮಗು, ಹೊಸ ಆಟ. ಆದ್ದರಿಂದ 20 ಜನರ ರೇಡ್ ಆದರೆ 24 ಜನರನ್ನು ಇಟ್ಟುಕೊಳ್ಳಿ. ಎಲ್ಲರೂ ಬಂದ ರಾತ್ರಿ ನಾಲ್ವರು ಬೆಂಚ್‌ನಲ್ಲಿ ಕೂರಬೇಕಾಗುತ್ತದೆ. ಸರದಿ ಹಾಕಿ, ಸರದಿಯ ಪಟ್ಟಿ ಎಲ್ಲರಿಗೂ ಕಾಣುವಂತಿರಲಿ. ಬೆಂಚ್ ಪಟ್ಟಿಯಲ್ಲಿ ಮೊದಲ ವಾರ ನನ್ನ ಹೆಸರನ್ನೇ ಹಾಕಿದ್ದೆ. ಆಮೇಲೆ ಯಾರೂ ದೂರು ಹೇಳಲಿಲ್ಲ. ಪಟ್ಟಿ ತುಂಬಿದೆ ಅಂತ ಹುಡುಕುವುದನ್ನು ನಿಲ್ಲಿಸಬೇಡಿ. ನೋಟ್‌ಬುಕ್ ಇವತ್ತಿಗೂ ನನ್ನ ಮೇಜಿನ ಮೇಲಿದೆ.

ಜಗಳ ಬಂದರೆ ಗಿಲ್ಡ್ ಚಾಟ್‌ನಲ್ಲಿ ಬಗೆಹರಿಸಲು ಹೋಗಬೇಡಿ. ಇಬ್ಬರನ್ನೂ ಬೇರೆ ಬೇರೆಯಾಗಿ ವಾಯ್ಸ್‌ಗೆ ಕರೆದು ಕೇಳಿ. ಬರೆದ ಮಾತು ಆಡಿದ ಮಾತಿಗಿಂತ ಒರಟಾಗಿ ಕಾಣುತ್ತದೆ. ಆ ಮೊದಲಿಗ ಮೇಜ್ ಇದ್ದನಲ್ಲ, ಅವನನ್ನು ಹೊರಹಾಕಲು ನನಗೆ ನಾಲ್ಕು ವಾರ ಬೇಕಾಯಿತು. ಅಷ್ಟು ಡ್ಯಾಮೇಜ್ ಬಿಡಲು ಮನಸ್ಸಿರಲಿಲ್ಲ. ಆ ನಾಲ್ಕು ವಾರದಲ್ಲಿ ಅವನ ಬಾಯಿಗೆ ಹೆದರಿ ಮೂವರು ಹೀಲರ್‌ಗಳು ಹೋದರು. ಒಬ್ಬ ಮೇಜ್ ಎರಡು ದಿನದಲ್ಲಿ ಸಿಗುತ್ತಾನೆ. ಮೂವರು ಹೀಲರ್ ಸಿಗಲು ಎರಡು ತಿಂಗಳು ಹಿಡಿಯಿತು.

ಬಿಟ್ಟು ಹೋಗುವವರನ್ನು ಚೆನ್ನಾಗಿ ಕಳಿಸಿಕೊಡಿ. ಬೈದು ಕಳಿಸಿದವರು ಸರ್ವರ್ ತುಂಬಾ ಹೇಳಿಕೊಂಡು ಬರುತ್ತಾರೆ. ನಾನು "ಬಾಗಿಲು ತೆರೆದಿರುತ್ತೆ" ಅಂತ ಕಳಿಸಿದ ಒಬ್ಬ ಶಾಮನ್ ಐದು ತಿಂಗಳ ಮೇಲೆ ವಾಪಸ್ ಬಂದ, ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು.

ಕೊನೆಯದಾಗಿ ನೀವೇ ಹೋಗಬೇಕಾದಾಗ. ಲೀಡರ್ ಪಟ್ಟವನ್ನು ಮುಂಚೆಯೇ ವರ್ಗಾಯಿಸಿ. ಲೀಡರ್ ಲಾಗಿನ್ ಆಗದ ಗಿಲ್ಡ್‌ನಲ್ಲಿ ಎಷ್ಟೋ ಕೆಲಸಗಳು ಸಿಕ್ಕಿಹಾಕಿಕೊಳ್ಳುತ್ತವೆ. ಕಳೆದ ಸಲ ಎರಡು ತಿಂಗಳು ಆಟಕ್ಕೆ ಬರಲು ಆಗುವುದಿಲ್ಲ ಅಂತ ಗೊತ್ತಾದಾಗ ನಾನು ಪಟ್ಟವನ್ನು ವಾರ್ಲಾಕ್‌ಗೆ ಕೊಟ್ಟೆ. ಎಲ್ಲರಿಗೂ ರೇಡ್ ಮುಗಿದ ಮೇಲೆ ವಾಯ್ಸ್‌ನಲ್ಲೇ ಹೇಳಿದೆ. ವಾಪಸ್ ಬಂದು ಲಾಗಿನ್ ಆದರೆ ನನ್ನ ಹೆಸರಿನ ಪಕ್ಕ ಟ್ರಯಲ್ ಅಂತ ಇತ್ತು. "ನಿಯಮ ನಿಮ್ಮದೇ ಅಲ್ವಾ?" ಅಂದಳು. ನಾಲ್ಕು ರೇಡ್ ಮಾಡಿದೆ. ಅಷ್ಟರಲ್ಲಿ ನಾನು ವರ್ಷದಿಂದ ಕಾಯುತ್ತಿದ್ದ ಉಂಗುರ ಎರಡು ಸಲ ಬಿತ್ತು. ಎರಡು ಸಲವೂ ಬೇರೆಯವರ ರಿಸರ್ವ್‌ನಲ್ಲಿತ್ತು.